ಜೋಡಿ ಸವಾರಿಯ ದಾರಿಯಲ್ಲಿ ಬಿಟ್ಟುಬಿಡಬೇಕಾದ ನಂಬಿಕೆಗಳು

ಬೆಂಗಳೂರಿನಿಂದ ಹೊರಟು ಹಂಪಿ, ಐಹೊಳೆ, ಬಾದಾಮಿಗಳಲ್ಲಿ ತಂಗುತ್ತ ವಿಜಯಪುರ ತಲುಪುವ 600 ಕಿಲೋಮೀಟರಿಗೂ ಮಿಕ್ಕಿದ ದಾರಿಯು ದಂಪತಿಗಳ ಮೋಟಾರ್‌ಸೈಕಲ್ ಪ್ರಯಾಣಕ್ಕೆ ಹೇಳಿ ಮಾಡಿಸಿದಂಥದ್ದು. ಚಿತ್ರದುರ್ಗದವರೆಗೆ 48ನೇ ರಾಷ್ಟ್ರೀಯ ಹೆದ್ದಾರಿಯೂ ಅಲ್ಲಿಂದ ಹೊಸಪೇಟೆಯ ಕಡೆಗೆ 50ನೇ ಹೆದ್ದಾರಿಯೂ ಸಿಗುವುದರಿಂದ ದಾರಿ ಕಠಿಣವಲ್ಲ. ಆದರೆ ಸವಾರಿಯ ಬಗ್ಗೆ ಕೆಲವು, ದಾರಿಯಲ್ಲಿ ನೋಡುವ ಸ್ಮಾರಕಗಳ ಬಗ್ಗೆ ಕೆಲವು ತಪ್ಪು ಕಲ್ಪನೆಗಳು ಪ್ರಯಾಣಿಕರ ಸಾಮಾನಿನ ಜೊತೆಗೇ ಬರುತ್ತವೆ. ಮೊದಲ ನೋಟಕ್ಕೆ ಕಂಡಷ್ಟನ್ನೇ ಪೂರ್ತಿ ಎಂದು ಭಾವಿಸುವುದೇ ಈ ಎರಡು ಬಗೆಯವುಗಳಿಗೂ ಮೂಲ.

ಓಡಿಸುವ ಹೊಣೆಯೆಲ್ಲ ಮುಂದೆ ಕುಳಿತವರದು, ಹಿಂದಿನವರು ಸುಮ್ಮನೆ ಕುಳಿತರಾಯಿತು ಎಂಬ ನಂಬಿಕೆ ಇವುಗಳಲ್ಲೆಲ್ಲ ಹೆಚ್ಚು ಅಪಾಯದ್ದು. ಮೋಟಾರ್‌ಸೈಕಲ್ ತಿರುವಿನಲ್ಲಿ ಒಳಮಗ್ಗುಲಿಗೆ ವಾಲಿಕೊಂಡೇ ತಿರುಗುತ್ತದೆ. 180 ಕಿಲೋ ತೂಕದ ಬೈಕಿನ ಮೇಲೆ 60 ಕಿಲೋ ತೂಕದ ಹಿಂಬದಿ ಸವಾರರು ಕುಳಿತರೆ ಬೈಕಿನ ತೂಕದ ಮೂರನೇ ಒಂದರಷ್ಟು ಭಾರ ಅವರ ಮೈಯ ಚಲನೆಗೆ ಒಳಪಟ್ಟಿರುತ್ತದೆ. ಬೈಕು ವಾಲಿದಾಗ ಹೆದರಿ ಅವರು ಮೈಯನ್ನು ನೆಟ್ಟಗೆ ಮಾಡಿದರೆ, ಅದೇ ತಿರುವನ್ನು ದಾಟಲು ಸವಾರರು ಬೈಕನ್ನು ಇನ್ನಷ್ಟು ವಾಲಿಸಬೇಕಾಗುತ್ತದೆ. ತಿರುವು ಬಲಕ್ಕಿದ್ದರೆ ಸವಾರರ ಬಲ ಹೆಗಲ ಮೇಲಿಂದ, ಎಡಕ್ಕಿದ್ದರೆ ಎಡ ಹೆಗಲ ಮೇಲಿಂದ ರಸ್ತೆಯನ್ನು ನೋಡುವ ಹಿಂಬದಿ ಸವಾರರ ದೇಹ ಬೇರೆ ಪ್ರಯತ್ನವಿಲ್ಲದೆ ಬೇಕಾದಷ್ಟೇ ವಾಲುತ್ತದೆ. ಗಂಡನೇ ಮುಂದೆ, ಹೆಂಡತಿಯೇ ಹಿಂದೆ ಎಂಬುದಕ್ಕೂ ರೂಢಿಯ ಹೊರತು ಬೇರೆ ಆಧಾರವಿಲ್ಲ. ಇಬ್ಬರಿಗೂ ಚಾಲನಾ ಪರವಾನಗಿ ಇದ್ದು ಸರದಿಯ ಮೇಲೆ ಓಡಿಸಿದರೆ ಊಟದ ನಂತರದ ತೂಕಡಿಕೆಯ ಹೊತ್ತು ಒಬ್ಬರ ಮೇಲೆಯೇ ಬೀಳುವುದಿಲ್ಲ.

ಸೀರೆ ಉಟ್ಟವರು ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು ಕೂರುವುದು ನಿರಪಾಯವೆಂಬ ಭಾವನೆ ಪೇಟೆಯೊಳಗಿನ ಸಣ್ಣ ಓಡಾಟದಿಂದ ಬಂದದ್ದು. ಹಾಗೆ ಕುಳಿತಾಗ ಭಾರ ಒಂದು ಕಡೆಗೆ ಸರಿಯುತ್ತದೆ, ಮೊಣಕಾಲುಗಳಿಂದ ಆಸನವನ್ನು ಬಿಗಿಯಾಗಿ ಹಿಡಿಯಲಾಗುವುದಿಲ್ಲ, ದಿಢೀರ್ ಬ್ರೇಕಿಗೆ ಮೈಯನ್ನು ತಡೆಯಲು ಕೈಯೊಂದೇ ಉಳಿಯುತ್ತದೆ. ಸೀರೆ ಗಾರ್ಡ್ ಎಂದು ಕರೆಯಲಾಗುವ, ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕಿಕೊಳ್ಳದಂತೆ ತಡೆಯುವ ಸರಳುಗಳನ್ನು ಅಂದಗೆಡಿಸುತ್ತವೆಂದು ಬಿಚ್ಚಿಸುವವರಿದ್ದಾರೆ. ಆದರೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಇಂಥ ಮರೆ ಇರಲೇಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ, ಮತ್ತು ವೇಲು, ದುಪಟ್ಟಾಗಳಿಗೂ ಈ ರಕ್ಷಣೆ ಅಷ್ಟೇ ಅಗತ್ಯ. ಹಿಂದೆ ಕುಳಿತವರಿಗೆ ಹೆಲ್ಮೆಟ್ ಬೇಡವೆಂಬ ಮಾತಿಗಂತೂ ಕಾನೂನಿನಲ್ಲಿ ಎಡೆಯಿಲ್ಲ, ಕರ್ನಾಟಕದಲ್ಲಿ 2016ರ ಜನವರಿಯಿಂದ ಇಬ್ಬರಿಗೂ ಅದು ಕಡ್ಡಾಯ.

ಬಯಲುಸೀಮೆಯ ಬಿಸಿಲಿಗೆ ಟೈರಿನ ಗಾಳಿ ಹಿಗ್ಗಿ ಸಿಡಿಯುತ್ತದೆ, ಆದ್ದರಿಂದ ಸ್ವಲ್ಪ ಕಡಿಮೆಯೇ ತುಂಬಿಸಬೇಕು ಎಂಬ ಸಲಹೆ ವಾಸ್ತವಕ್ಕೆ ತೀರ ವಿರುದ್ಧವಾದದ್ದು. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುವುದರಿಂದ ರಬ್ಬರು ಒಳಗಿನಿಂದಲೇ ಕಾಯುತ್ತದೆ. ಇಬ್ಬರ ಭಾರದ ಮೇಲೆ ಚೀಲಗಳ ಭಾರವೂ ಸೇರಿದಾಗ ಈ ಕಾವು ಇನ್ನೂ ಏರುತ್ತದೆ. ಒಬ್ಬರಿದ್ದಾಗ ಎಷ್ಟು, ಇಬ್ಬರಿದ್ದಾಗ ಎಷ್ಟು ಎಂದು ತಯಾರಕರು ಕೈಪಿಡಿಯಲ್ಲಿ ಬೇರೆಬೇರೆಯಾಗಿ ಕೊಡುವ ಅಂಕಿಗಳನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆದು ಸರಿಪಡಿಸಿಕೊಳ್ಳಬೇಕು. ಮುಂದಿನ ಬ್ರೇಕ್ ಹಿಡಿದರೆ ಬೈಕು ಪಲ್ಟಿಯಾಗುತ್ತದೆ ಎಂಬ ಭಯವೂ ಅರ್ಧ ಸತ್ಯ: ವೇಗ ತಗ್ಗುವಾಗ ಭಾರ ಮುಂದಕ್ಕೆ ಸರಿದು ಮುಂಚಕ್ರದ ಹಿಡಿತ ಹೆಚ್ಚುವುದರಿಂದ ವಾಹನವನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲೇ ಇದೆ, ಕೆಡವುವುದು ಗಾಬರಿಯಲ್ಲಿ ಒಮ್ಮೆಲೇ ಅದುಮುವ ಕೈ. ದೂರ ಪ್ರಯಾಣಕ್ಕೆ ದೊಡ್ಡ ಎಂಜಿನ್ ಇರಲೇಬೇಕೆಂಬುದೂ ಅನಗತ್ಯ ಚಿಂತೆ. ಈ ದಾರಿಯಲ್ಲಿ ಕಾನೂನುಬದ್ಧ ವೇಗಕ್ಕೆ ಸುಸ್ಥಿತಿಯಲ್ಲಿರುವ 150 ಸಿ.ಸಿ. ಬೈಕು ಸಾಕು.

ಹಂಪಿಯಲ್ಲಿ ಬೈಕು ನಿಲ್ಲಿಸಿದ ಬಹುತೇಕರು ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಒಂದೇ ಬಂಡೆಯಲ್ಲಿ ಕೊರೆದದ್ದೆಂದು ನಂಬಿಯೇ ಅದರ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಾರೆ. 50 ರೂಪಾಯಿ ನೋಟಿನ ಮೇಲೂ ಕಾಣುವ ಈ ರಚನೆ ವಾಸ್ತವದಲ್ಲಿ ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿ. ಸಂದುಗಳು ಕೆತ್ತನೆಯ ಗೆರೆಗಳಲ್ಲಿ ಅಡಗುವಂತೆ ಶಿಲ್ಪಿಗಳು ಮಾಡಿದ್ದಾರೆ, ಮೆಚ್ಚಬೇಕಾದದ್ದು ಆ ಜಾಣ್ಮೆಯನ್ನೇ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಇದರ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಅದಿಲ್ಲ. ಮುಂದಿರುವ ಆನೆಗಳೂ ಮೂಲದವಲ್ಲ. ಪಕ್ಕಕ್ಕೆ ಸರಿದು ಬಗ್ಗಿ ನೋಡಿದರೆ ಆನೆಗಳ ಹಿಂದೆ ಕುದುರೆಗಳ ಹಿಂಗಾಲು ಮತ್ತು ಬಾಲದ ಕೆತ್ತನೆ ಉಳಿದಿರುವುದು ಕಾಣುತ್ತದೆ.

ಅದೇ ಹಂಪಿಯಲ್ಲಿ ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಸಿದ್ಧವಾದ 6.7 ಮೀಟರ್ ಎತ್ತರದ ಏಕಶಿಲಾ ಮೂರ್ತಿಯನ್ನು ಜನ ಉಗ್ರ ನರಸಿಂಹನೆಂದು ಕರೆಯುತ್ತಾರೆ. ಅಗಲಿಸಿದ ಕಣ್ಣು, ತೆರೆದ ಬಾಯಿಗಳಿಂದ ಬಂದ ಈ ಹೆಸರು ಮೂರ್ತಿಯ ಭಗ್ನಸ್ಥಿತಿಯಿಂದ ಇನ್ನಷ್ಟು ಗಟ್ಟಿಯಾಯಿತು. ಮೂಲದಲ್ಲಿ ತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಳು, ಆದ್ದರಿಂದ ಇದು ಲಕ್ಷ್ಮೀನರಸಿಂಹ. ದೇವಿಯ ವಿಗ್ರಹ ಒಡೆದುಹೋದರೂ ನರಸಿಂಹನ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಕಲ್ಲಿಗಂಟಿ ಉಳಿದಿದೆ. ಎದುರಿನಿಂದ ನೋಡಿ ಮರಳುವವರಿಗೆ ಆ ಕೈ ಕಾಣುವುದಿಲ್ಲ.

ಐಹೊಳೆಯ ದುರ್ಗಾ ಗುಡಿಯೂ ದುರ್ಗೆಯದಲ್ಲ. ದುರ್ಗವೆಂದರೆ ಕೋಟೆ, ಕೋಟೆಯ ಪಕ್ಕದ ಗುಡಿಯೆಂದು ಬಂದ ಹೆಸರು, ಆನೆಯ ಹಿಂಭಾಗದಂತೆ ದುಂಡಾಗಿರುವ ಗಜಪೃಷ್ಠಾಕಾರದ ಈ ಚಾಲುಕ್ಯ ಕಟ್ಟಡಕ್ಕೆ ಅಂಟಿಕೊಂಡಿತು.

ವಿಜಯಪುರದ ಗೋಳಗುಮ್ಮಟ, ಅಂದರೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ, ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟವೆಂಬ ಮಾತು ಪಠ್ಯಗಳಲ್ಲೂ ನುಸುಳಿದೆ. ಅದರ ಹೊರ ವ್ಯಾಸ ಸುಮಾರು 44 ಮೀಟರ್, ಒಳ ವ್ಯಾಸ ಸುಮಾರು 38 ಮೀಟರ್. ಒಳ ಅಳತೆಯನ್ನು ಒಳ ಅಳತೆಯೊಂದಿಗೇ ಹೋಲಿಸಿದರೆ ರೋಮಿನ ಪ್ಯಾಂಥಿಯನ್, ಸಂತ ಪೀಟರರ ಚರ್ಚು, ಫ್ಲಾರೆನ್ಸಿನ ಪ್ರಧಾನ ಚರ್ಚು ಇವು ಮೂರರ ಗುಮ್ಮಟಗಳೂ ಇದಕ್ಕಿಂತ ಹಿರಿದಾದವು, ಮೂರೂ ಇದಕ್ಕಿಂತ ಹಳೆಯವು. ಗುಮ್ಮಟ ಆಧಾರವಿಲ್ಲದೆ ನಿಂತಿದೆ ಎನ್ನುವುದೂ ಸರಿಯಲ್ಲ. ನಡುವೆ ಕಂಬಗಳಿಲ್ಲವಾದರೂ ಒಂದನ್ನೊಂದು ಹಾಯುವ ಎಂಟು ಕಮಾನುಗಳು ಅದರ ಭಾರವನ್ನು ಹೊತ್ತು ಗೋಡೆಗಳಿಗೆ ಇಳಿಸುತ್ತವೆ, ಮತ್ತು ಈ ರಚನಾ ಕೌಶಲ ಯಾವ ಸ್ಥಾನಮಾನಕ್ಕಿಂತಲೂ ದೊಡ್ಡದು.

ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ದನಿ ಕಲ್ಲಿನೊಳಗೆ ಹರಿದು ಬರುತ್ತದೆಂದು ಗೋಡೆಗೆ ಕಿವಿಯೊತ್ತುವವರು ಹಲವರು. ದನಿ ಬರುವುದು ಗಾಳಿಯಲ್ಲೇ: ಬಾಗಿದ ಗೋಡೆಗೆ ಸವರಿಕೊಂಡು ಮತ್ತೆ ಮತ್ತೆ ಪ್ರತಿಫಲಿಸುತ್ತ, ನಡುವಿನ ಬಯಲಿನಲ್ಲಿ ಚದುರಿಹೋಗದೆ, ಅದು ಆಚೆಯ ಬದಿಯನ್ನು ಮುಟ್ಟುತ್ತದೆ. ದಿನವಿಡೀ ಸವಾರಿ ಮಾಡಿ ಸಂಜೆ ನೇರವಾಗಿ ಇಲ್ಲಿಗೆ ಬಂದವರಿಗೆ ಇದು ಸರಿಯಾಗಿ ಕೇಳಿಸದಿದ್ದರೆ ಜನಸಂದಣಿಯೊಂದೇ ಕಾರಣವಲ್ಲ. ಹೆದ್ದಾರಿಯ ವೇಗದಲ್ಲಿ ಸವಾರರ ಕಿವಿಯನ್ನು ದಣಿಸುವುದು ಮುಖ್ಯವಾಗಿ ಎಂಜಿನಿನ ಸದ್ದಲ್ಲ, ಹೆಲ್ಮೆಟ್ಟಿನ ಸುತ್ತ ಮೊರೆಯುವ ಗಾಳಿಯ ಸದ್ದು. ಗಂಟೆಗಟ್ಟಲೆ ಅದನ್ನು ಕೇಳಿದ ಕಿವಿ ಕೆಲಕಾಲ ಸಣ್ಣ ದನಿಗಳನ್ನು ಹಿಡಿಯಲಾರದು. ರಾತ್ರಿ ವಿಶ್ರಮಿಸಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮೆಟ್ಟಿಲು ಹತ್ತಿದ ದಂಪತಿಗಳು ಗ್ಯಾಲರಿಯ ಎದುರುಬದುರು ತುದಿಗಳಲ್ಲಿ ಗೋಡೆಯ ಪಕ್ಕ ನಿಂತು ಮಾತಾಡಿದರೆ, ಬೈಕಿನ ಮೇಲೆ ಒಂದಡಿ ಅಂತರದಲ್ಲಿ ಕೂಗಿದರೂ ಕೇಳದಿದ್ದ ಮಾತು ಪಿಸುದನಿಯಲ್ಲೇ ಸ್ಪಷ್ಟವಾಗಿ ತಲುಪುತ್ತದೆ.