ಅಫಿಲಿಯೇಟ್ ಕಮಿಷನ್ ಇಳಿದಾಗ: ತಪ್ಪು ಕಲ್ಪನೆ ಮತ್ತು ಸತ್ಯ

ಬೇರೆಯವರ ಅಂಗಡಿಯ ಸರಕಿಗೆ ಲಿಂಕ್ ಕೊಟ್ಟು, ಆ ಲಿಂಕ್ ಒತ್ತಿದವರು ಏನಾದರೂ ಕೊಂಡರೆ ಕಮಿಷನ್ ಪಡೆಯುವ ವ್ಯವಹಾರಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ. 1996ರಲ್ಲಿ ಶುರುವಾದ ಅಮೆಜಾನ್ ಅಸೋಸಿಯೇಟ್ಸ್ ಇಂಥ ಹಳೆಯ ಕಾರ್ಯಕ್ರಮಗಳಲ್ಲಿ ಒಂದು. ಅದರ ನಿಯಮ ಬದಲಾದಾಗಲೆಲ್ಲ ಲಿಂಕ್ ಹಾಕುವವರಲ್ಲೂ ಸರಕು ಮಾರುವವರಲ್ಲೂ ತಪ್ಪು ತಿಳಿವಳಿಕೆಗಳು ಹಬ್ಬುತ್ತವೆ.

ದರ ಎಂಟರಿಂದ ಮೂರಕ್ಕೆ ಇಳಿದರೆ ಆದಾಯಕ್ಕೆ ಬೀಳುವ ಪೆಟ್ಟು ಶೇ 5 ಮಾತ್ರ ಎಂಬ ಲೆಕ್ಕ ಇವುಗಳಲ್ಲಿ ಅತಿ ದುಬಾರಿಯಾದದ್ದು. 2020ರ ಏಪ್ರಿಲ್ 21ರಿಂದ ಅಮೆರಿಕದಲ್ಲಿ ಪೀಠೋಪಕರಣ, ಮನೆ ದುರಸ್ತಿ ಸಾಮಗ್ರಿ, ತೋಟದ ಸಾಮಾನುಗಳ ಕಮಿಷನ್ ಶೇ 8ರಿಂದ 3ಕ್ಕೆ ಇಳಿಯಿತು. ದಿನಸಿಯದು 5ರಿಂದ 1ಕ್ಕೆ. 400 ಡಾಲರಿನ ಮೇಜೊಂದು ಮಾರಾಟವಾದರೆ ಅದುವರೆಗೆ 32 ಡಾಲರ್ ಬರುತ್ತಿತ್ತು, ಆಮೇಲೆ ಬಂದದ್ದು 12. ಅಂದರೆ ಇಳಿಕೆ ಶೇ 62.5. ಹಿಂದಿನಷ್ಟೇ ಹಣ ಕೈಗೆ ಬರಬೇಕಾದರೆ ಮಾರಾಟ ಎರಡೂವರೆ ಪಟ್ಟಿಗೂ ಮೀರಿ ಬೆಳೆಯಬೇಕು; ದಿನಸಿಯಲ್ಲಾದರೆ ಐದು ಪಟ್ಟು. ನೋಡುಗರೂ ಅಷ್ಟೇ, ಕೊಳ್ಳುವವರೂ ಅಷ್ಟೇ ಇದ್ದು ಗಳಿಕೆ ಮಾತ್ರ ಕುಸಿಯುವುದರಿಂದ, ತಪ್ಪು ತಮ್ಮ ಬರಹದಲ್ಲೋ ವಿಡಿಯೊದಲ್ಲೋ ಇರಬೇಕೆಂದು ಹುಡುಕುವವರು ಕಡಿಮೆಯಿಲ್ಲ.

ಕಡಿತ ಕೊರೊನಾ ಕಾಲದಲ್ಲಿ ಬಂದದ್ದರಿಂದ ಅದೊಂದು ತುರ್ತು ಕ್ರಮ, ಮುಂದೆ ಸರಿಹೋಗುತ್ತದೆ ಎಂದು ನಂಬಿದವರೂ ಇದ್ದರು. ಆದರೆ ದರದ ಪದ್ಧತಿ 2017ರ ಮಾರ್ಚ್‌ನಲ್ಲೇ ಬುಡಸಮೇತ ಬದಲಾಗಿತ್ತು. ಅದಕ್ಕೂ ಮೊದಲು ತಿಂಗಳಿಗೆ ಹೆಚ್ಚು ಸರಕು ಮಾರಿಸಿದಷ್ಟೂ ದರ ಏರುತ್ತಿತ್ತು. ಆಮೇಲೆ ಎಷ್ಟೇ ಮಾರಿಸಿದರೂ ಆಯಾ ವರ್ಗಕ್ಕೆ ನಿಗದಿಯಾದ ದರವೇ ಗತಿಯಾಯಿತು. ಅಗ್ಗದ ಸಾಮಾನುಗಳನ್ನು ರಾಶಿರಾಶಿಯಾಗಿ ಮಾರಿಸಿ ಮೇಲಿನ ದರ ಮುಟ್ಟುತ್ತಿದ್ದವರ ಲೆಕ್ಕಾಚಾರ ಅಲ್ಲಿಗೇ ಮುಗಿದಿತ್ತು.

ನಿಯಮ ಮುರಿಯದಿದ್ದರೆ ಖಾತೆಗೆ ಧಕ್ಕೆಯಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಫಿಲಿಯೇಟ್‌ಗಳನ್ನು ಹೊಂದಿದ ಹೊರರಾಜ್ಯದ ಆನ್‌ಲೈನ್ ಅಂಗಡಿಗಳು ಅಲ್ಲಿನ ಮಾರಾಟ ತೆರಿಗೆ ವಸೂಲು ಮಾಡಬೇಕೆಂಬ ಕಾನೂನು 2011ರ ಜೂನ್‌ನಲ್ಲಿ ಬಂತು. ಅಮೆಜಾನ್ ಕೂಡಲೇ ಆ ರಾಜ್ಯದ ಅಫಿಲಿಯೇಟ್‌ಗಳನ್ನೆಲ್ಲ ಕೈಬಿಟ್ಟಿತು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಸರ್ಕಾರದೊಂದಿಗೆ ಸೆಪ್ಟೆಂಬರ್‌ನಲ್ಲಿ ರಾಜಿಯಾದ ಮೇಲಷ್ಟೇ ಅವರಿಗೆ ಮತ್ತೆ ಬಾಗಿಲು ತೆರೆಯಿತು. ನಿಯಮ, ದರಗಳನ್ನು ಬದಲಿಸುವ ಹಕ್ಕನ್ನು ಕಂಪನಿ ಒಪ್ಪಂದದಲ್ಲೇ ಉಳಿಸಿಕೊಂಡಿರುತ್ತದೆ. ಸೇರುವಾಗ ಅದನ್ನು ಓದಿರುವವರು ಅಪರೂಪ.

ಸರಕು ಮಾರುವವರ ಕಡೆ ಇರುವ ಭ್ರಮೆ ಬೇರೆ ಬಗೆಯದು: ಅಫಿಲಿಯೇಟ್ ದರ ಇಳಿದರೆ ತಮಗೆ ಉಳಿತಾಯ ಎಂಬುದು. ಸಾಮಾನ್ಯ ಅಸೋಸಿಯೇಟ್ಸ್ ಲಿಂಕ್‌ಗೆ ಕಮಿಷನ್ ಕೊಡುವುದು ಅಮೆಜಾನ್. ಅಲ್ಲಿ ಅಂಗಡಿ ತೆರೆದ ಮಾರಾಟಗಾರ ಪ್ರತಿ ಮಾರಾಟಕ್ಕೂ ತೆರುವ ಶುಲ್ಕವೇ ಬೇರೆ. ಕಮಿಷನ್ ಇಳಿಯಿತೆಂದು ಅದು ಇಳಿಯುವುದಿಲ್ಲ. ಬದಲಿಗೆ, ಗಿಟ್ಟದ ವರ್ಗದ ಬಗ್ಗೆ ಬರೆಯುವುದನ್ನು ಅಫಿಲಿಯೇಟ್‌ಗಳು ಬಿಟ್ಟರೆ ಹೊರಗಿನಿಂದ ಬರುತ್ತಿದ್ದ ಗಿರಾಕಿ ಕಡಿಮೆಯಾಗುತ್ತಾನೆ. ಹೊರಗಿನಿಂದ ಗಿರಾಕಿಯನ್ನು ತಾವೇ ಕರೆತರುವ ಬ್ರ್ಯಾಂಡ್‌ಗಳಿಗೆ ಶುಲ್ಕದಲ್ಲಿ ಒಂದಷ್ಟು ವಾಪಸು ಕೊಡುವ ಬೋನಸ್ ಯೋಜನೆಯನ್ನು ಅಮೆಜಾನ್ 2021ರಲ್ಲಿ ಅಮೆರಿಕದಲ್ಲಿ ತಂದಿತು.

ಒಮ್ಮೆ ಲಿಂಕ್ ಒತ್ತಿದ ಗಿರಾಕಿ ಮುಂದೆಂದು ಕೊಂಡರೂ ಕಮಿಷನ್ ಬರುತ್ತದೆ ಎಂಬುದು ಸುಳ್ಳು. ಅಮೆಜಾನ್ ಕೊಡುವ ಗಡುವು 24 ಗಂಟೆ; ಅಷ್ಟರೊಳಗೆ ಸರಕನ್ನು ಕಾರ್ಟ್‌ಗೆ ಹಾಕಿಟ್ಟಿದ್ದರೆ ಸಾಮಾನ್ಯವಾಗಿ 90 ದಿನ. ಆ ಗಡುವಿನಲ್ಲಿ ಲಿಂಕ್ ಕೊಟ್ಟ ಸರಕನ್ನೇ ಕೊಳ್ಳಬೇಕೆಂದಿಲ್ಲ. ಪುಸ್ತಕದ ಲಿಂಕ್ ಒತ್ತಿ ಹೋದವರು ಮಿಕ್ಸಿ ಕೊಂಡರೂ ಕಮಿಷನ್ ಉಂಟು. ಲಿಂಕ್ ಮೂಲಕ ಕೊಂಡವರಿಗೆ ಬೆಲೆ ಜಾಸ್ತಿ ಬೀಳುತ್ತದೆ ಎಂಬುದೂ ಸುಳ್ಳೇ.

ಅಮೆರಿಕದವರ ವಿಡಿಯೊ ನೋಡಿ ಇಲ್ಲಿ ಲೆಕ್ಕ ಹಾಕುವುದು ಭಾರತದಲ್ಲಿ ಆಗುವ ಎಡವಟ್ಟು. ಪ್ರತಿ ದೇಶದ ಕಾರ್ಯಕ್ರಮಕ್ಕೂ ತನ್ನದೇ ದರಪಟ್ಟಿ ಇದೆ. ಮೇಲಿನ ಕಡಿತ ಅಮೆರಿಕದ ಪಟ್ಟಿಗೆ ಸೇರಿದ್ದು. ಅಮೆಜಾನ್ ಇಂಡಿಯಾಕ್ಕೆ ಲಿಂಕ್ ಕೊಡುವ ಕನ್ನಡದ ಯೂಟ್ಯೂಬರ್ ನೋಡಬೇಕಾದದ್ದು ಭಾರತದ ಪಟ್ಟಿಯನ್ನು.

ದರ ಇಳಿದ ತಕ್ಷಣ ಎಲ್ಲ ಲಿಂಕ್‌ಗಳನ್ನೂ ಹೆಚ್ಚು ಕಮಿಷನ್ ಕೊಡುವ ಬೇರೆ ಅಂಗಡಿಗೆ ತಿರುಗಿಸುವುದು ಜಾಣತನದಂತೆ ಕಾಣುತ್ತದೆ. ಆದರೆ ಗಳಿಕೆ ನಿಂತಿರುವುದು ದರದ ಮೇಲಷ್ಟೇ ಅಲ್ಲ, ಕ್ಲಿಕ್ಕಿಸಿದವರಲ್ಲಿ ಎಷ್ಟು ಜನ ಕೊಳ್ಳುತ್ತಾರೆ ಎಂಬುದರ ಮೇಲೂ. ಉದಾಹರಣೆಗೆ, ನೂರು ಕ್ಲಿಕ್‌ಗಳಲ್ಲಿ ಎಂಟು ಮಂದಿ ತಲಾ 1,000 ರೂಪಾಯಿಯ ಸರಕು ಕೊಂಡರೆ ಶೇ 3ರ ದರದಲ್ಲಿ 240 ರೂಪಾಯಿ. ಗುರುತಿಲ್ಲದ ಅಂಗಡಿಯೆಂದು ಅಳುಕಿ ಇಬ್ಬರೇ ಕೊಂಡರೆ ಶೇ 8ರ ದರದಲ್ಲೂ 160. ಒಂದೆರಡು ಪುಟಗಳ ಲಿಂಕ್ ಮಾತ್ರ ಬದಲಿಸಿ, ತಿಂಗಳ ವರದಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಯಾವುದು ಲಾಭವೆಂದು ತಿಳಿಯುತ್ತದೆ. ಕೊರತೆ ತುಂಬಲು ಸ್ವಂತ ಲಿಂಕ್‌ನಿಂದ ತಾವೇ ಕೊಳ್ಳುವ ಉಪಾಯಕ್ಕೆ ಮಾತ್ರ ಅವಕಾಶವಿಲ್ಲ: ಅಂಥ ಖರೀದಿಗೆ ಅಮೆಜಾನ್ ಕಮಿಷನ್ ಕೊಡುವುದಿಲ್ಲ, ಖಾತೆ ಮುಚ್ಚಲೂಬಹುದು.