ಎರಡು ಮಿಲಿಮೀಟರ್ ತಗ್ಗಿಸುವ ವಿದ್ಯೆ

ಜಪಾನಿನ ಶಿಜುವೊಕಾದ ತಮಿಯಾ ಕಂಪನಿಯವರು ಪೋರ್ಷೆಯ ಮಾದರಿ ಮಾಡಲು ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು ಬಿಚ್ಚಿ ಹರವಿದರು. ಮತ್ತೆ ಜೋಡಿಸಲು ಮಾತ್ರ ಹೊರಗಿನ ಮೆಕ್ಯಾನಿಕ್ ಬರಬೇಕಾಯಿತಂತೆ! ಅಷ್ಟು ದುಡ್ಡು ಸುರಿದು ಮಾಡಿದ 1/12 ಅಳತೆಯ ಪೋರ್ಷೆ 934ರ ಅಚ್ಚನ್ನು ಸುಮ್ಮನೆ ಇಟ್ಟುಕೊಳ್ಳಲಾದೀತೆ? ಅದೇ ಬಾಡಿಯೊಳಗೆ ಮೋಟಾರು, ಬ್ಯಾಟರಿ, ರೇಡಿಯೊ ಕೂರಿಸಿ 1976ರಲ್ಲಿ ರಿಮೋಟ್ ಕಾರಾಗಿ ಮಾರಿದರು. ಒಂದೇ ವರ್ಷದಲ್ಲಿ ಲಕ್ಷಕ್ಕೂ ಮಿಕ್ಕಿ ಖರ್ಚಾದವು.

ನೋಟಕ್ಕೆಂದು ಹುಟ್ಟಿದ ಬಾಡಿಯ ಕೆಳಗೆ ಓಟದ ಸಾಮಾನು ತುರುಕುವ ಫಜೀತಿ ಅಲ್ಲಿಂದ ಇಂದಿನವರೆಗೂ ನಡೆದು ಬಂದಿದೆ. 1999ರಲ್ಲಿ ಕ್ಯೋಶೊ ಕಂಪನಿ ತಂದ 1/28 ಅಳತೆಯ 'ಮಿನಿ-ಝಡ್' ಅಂಗೈ ಮೇಲೆ ಕೂರುವ ಕಾರು. ಅಷ್ಟರೊಳಗೇ ನಾಲ್ಕು ಸಣ್ಣ ಸೆಲ್ಲು, ಮೋಟಾರು, ಸ್ಟಿಯರಿಂಗ್ ತಿರುಗಿಸುವ ಸರ್ವೊ, ಸರ್ಕ್ಯೂಟ್ ಎಲ್ಲ ಹಿಡಿಯಬೇಕು. ಇಂಥ ಪುಟ್ಟ ಕಾರುಗಳಲ್ಲಿ ಎಷ್ಟೋ, ಕೆಸರಿನಲ್ಲಿ ಪಂಚೆ ಎತ್ತಿಕಟ್ಟಿ ನಡೆಯುವವರ ಹಾಗೆ ಕಾಣುತ್ತವೆ: ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಷ್ಟು ಸಂದು.

ಬಾಡಿ ಇಳಿಸುವ ಆಸೆ ಹುಟ್ಟುವುದೇ ಇದನ್ನು ನೋಡಲಾರದೆ. ಒಳಗೆ ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಮೆತ್ತನೆ ಜೇಡಿಯ ಉಂಡೆಗಳನ್ನಿಟ್ಟು ಬಾಡಿ ಒತ್ತುತ್ತಾರೆ. ಉಂಡೆ ಹಾಳೆಯಷ್ಟು ತೆಳುವಾದ ಕಡೆ ಒಳಮೈಯನ್ನು ಉಜ್ಜಿ ಸವೆಸಬೇಕು. ಬಾಡಿ ಇಳಿಯಿತು, ನೋಟ ಬಂತು. ಆದರೆ ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜತೊಡಗುತ್ತದೆ, ಕಾರು ಹಿಂದಿನಂತೆಯೇ ಪಲ್ಟಿ ಹೊಡೆಯುತ್ತದೆ.

ಯಾಕೆ? ಎಡ ಬಲ ಚಕ್ರಗಳ ಅಂತರ 60 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 20 ಮಿ.ಮೀ. ಅಂದುಕೊಳ್ಳಿ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1.5. ತಿರುವಿನಲ್ಲಿ ಪಕ್ಕಕ್ಕೆ ಎಳೆಯುವ ಬಲ ಕಾರಿನ ತೂಕದ ಒಂದೂವರೆ ಪಟ್ಟು ದಾಟಿತೋ, ಒಳಚಕ್ರ ನೆಲ ಬಿಟ್ಟಿತೆಂದೇ ಲೆಕ್ಕ. ಟೈರಿಗೆ ಅಷ್ಟು ಹಿಡಿತವಿಲ್ಲದಿದ್ದರೆ ಕಾರು ಜಾರಿ ಬಚಾವಾಗುತ್ತದೆ. ಮೆತ್ತನೆ ರಬ್ಬರ್ ಟೈರು ಫೋಮ್ ಹಾಸಿನ ಟ್ರ್ಯಾಕಿಗೆ ಕಚ್ಚಿಕೊಂಡರೆ ಕಾರು ಜಾರುವುದಿಲ್ಲ, ಮಗುಚುತ್ತದೆ.

ಬಾಡಿಯ ತೂಕ ಒಟ್ಟು ಕಾರಿನ ಐದನೇ ಒಂದು ಪಾಲಾದರೆ, ಅದನ್ನಷ್ಟೇ 2 ಮಿ.ಮೀ. ಇಳಿಸಿದಾಗ ಗುರುತ್ವ ಕೇಂದ್ರ ತಗ್ಗುವುದು ಬರೇ 0.4 ಮಿ.ಮೀ. ಸೆಲ್ಲು, ಮೋಟಾರು ಸಮೇತ ತಳದ ಚೌಕಟ್ಟು, ಅಂದರೆ ಚಾಸಿಯೇ 2 ಮಿ.ಮೀ. ಇಳಿದರೆ ಪೂರಾ ಎರಡೂ ದಕ್ಕುತ್ತದೆ. ಹಾಗಾಗಿ ಓಟಗಾರರ ಕೈ ಚಕ್ರಗಳ ಕಡೆ ಹೋಯಿತು. ಮುಂಚಕ್ರದ ಹಿಡಿಕೆಯ ಮೇಲಿನ ತೆಳು ವಾಷರನ್ನು ಅದರ ಕೆಳಗೆ ಹಾಕಿದರೆ ಚಾಸಿ ಇಳಿಯುತ್ತದೆ. ಕಡಿಮೆ ವ್ಯಾಸದ ಟೈರು ಹಾಕಿದರೂ ಆದೀತು. ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಚಾಸಿಯ ತಳವೇ ನೆಲ ಕೆರೆಯುತ್ತದೆ.

ಆಮೇಲೆ ಉಳಿಯುವುದು ಬಾಡಿಯ ಮೇಲ್ಭಾಗದ ತೂಕ. ಇಲ್ಲಿ ನೆರವಿಗೆ ಬಂದದ್ದು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬೇಯರ್‌ನಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡ ಪ್ಲಾಸ್ಟಿಕ್ ಅದು. ಫಾಕ್ಸ್ ಹುಡುಕುತ್ತಿದ್ದದ್ದು ತಂತಿಗೆ ಹೊದಿಸುವ ವಸ್ತುವನ್ನು. ಆಟಿಕೆಯ ಕನಸೂ ಅವರಿಗಿರಲಿಕ್ಕಿಲ್ಲ. ಪಾಲಿಕಾರ್ಬೊನೇಟಿನ ಪಾರದರ್ಶಕ ಹಾಳೆಯನ್ನು ಬಿಸಿಮಾಡಿ ಅಚ್ಚಿಗೆಳೆದು, ಬಣ್ಣವನ್ನು ಒಳಗಿನಿಂದ ಬಳಿದರೆ ಹಗುರವಾದ ಬಾಡಿ ಸಿದ್ಧ. ನೋಟದವರಿಗೆ ಇದು ಅಷ್ಟಾಗಿ ರುಚಿಸದು. ಬಾಗಿಲ ಗೆರೆ, ದೀಪದ ಉಬ್ಬು ಎಲ್ಲ ಮಂಕು.

ಇಷ್ಟಾದರೂ ಪಲ್ಟಿ ನಿಲ್ಲದಿದ್ದಾಗ ಮುಂಟೈರಿನ ಹೊರ ಅಂಚಿಗೆ ಸೂಪರ್ ಗ್ಲೂ ಸವರುತ್ತಾರೆ. ಒಣಗಿ ಗಟ್ಟಿಯಾದ ಅಂಚು ನೆಲವನ್ನು ಕಚ್ಚದೆ ಜಾರುತ್ತದೆ.