ಆಪರೇಷನ್ ಆಯ್ತು, ಮನಸ್ಸು ಹೇಗಿದೆ?

ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ರೋಗಿಯ ಕೆಲಸ ಶುರು. ಮೂರು ಚೆಂಡಿನ ಸ್ಪೈರೋಮೀಟರ್‌ನಲ್ಲಿ ಉಸಿರೆಳೆದು ಚೆಂಡು ಮೇಲೇರಿಸಬೇಕು, ನೋವಿದ್ದರೂ ಎದ್ದು ನಡೆಯಬೇಕು, ಬೇಡವೆನಿಸಿದರೂ ಊಟ ಮಾಡಬೇಕು. ಖಿನ್ನತೆ ಮೊದಲು ಕಸಿದುಕೊಳ್ಳುವುದು ಇದನ್ನೆಲ್ಲ ಮಾಡುವ ಶಕ್ತಿಯನ್ನೇ, ಅದು ಸೋಮಾರಿತನವಲ್ಲ. ಉಸಿರಾಟದ ವ್ಯಾಯಾಮ ತಪ್ಪಿದರೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರುವವರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ತೊಡಕು, ಆಸ್ಪತ್ರೆವಾಸ ಎರಡೂ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

‘ಕ್ಯಾನ್ಸರ್ ಬಂದವರಿಗೆ ದುಃಖ ಇರೋದೇ ಅಲ್ವಾ’ ಎನ್ನಬಹುದು. ನಿಜ. ಆದರೆ ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡ ಎನಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ‘ಕ್ಯಾನ್ಸರ್ ಜೋರಾಗಿದ್ದವರಿಗೇ ಖಿನ್ನತೆಯೂ ಜಾಸ್ತಿ, ಅದಕ್ಕೇ ಚೇತರಿಕೆ ನಿಧಾನ’ ಎಂಬ ವಾದದಲ್ಲೂ ಸ್ವಲ್ಪ ಹುರುಳಿದೆ. ಹಾಗೆಂದು ವಾಸಿಯಾಗಬಲ್ಲ ಖಿನ್ನತೆಯನ್ನು ಹಾಗೇ ಬಿಡುವುದು ತಪ್ಪು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ಮಾನಸಿಕ ಚಿಕಿತ್ಸೆಯ ನಿಮ್ಹಾನ್ಸ್ ಹತ್ತಿರಹತ್ತಿರವೇ ಇವೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಿದ್ದರೆ ಸರ್ಜನ್‌ಗೂ ಅರಿವಳಿಕೆ ವೈದ್ಯರಿಗೂ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.